ಕಿಂದರಿಜೋಗಿಗೆ ಸಲ್ಲಬೇಕಾದ ಬಾಕಿ

ಚಿಕ್ಕಂದಿನಲ್ಲಿ ಪ್ರೀತಿಯಿಂದ ಓದಿದ ಪುಸ್ತಕವೊಂದನ್ನು ಯಾರೋ ನೃತ್ಯರೂಪಕ ಮಾಡುತ್ತಾರೆಂದು ಕೇಳಿದಾಗ ಎರಡು ಬಗೆಯ ಮಾತು ಹುಟ್ಟುತ್ತದೆ. ‘ಪುಸ್ತಕವನ್ನು ಕೆಡಿಸಿಬಿಟ್ಟರು’ ಎಂಬುದು ಒಂದು. ‘ಪುಸ್ತಕವೇ ಬೇರೆ, ಕುಣಿತವೇ ಬೇರೆ, ಒಂದರ ಲೆಕ್ಕವನ್ನು ಇನ್ನೊಂದರಿಂದ ಕೇಳಬಾರದು’ ಎಂಬುದು ಇನ್ನೊಂದು. ಮೊದಲನೆಯದನ್ನು ಸಾಮಾನ್ಯವಾಗಿ ನಡುವಯಸ್ಸು ದಾಟಿದವರು ಹೇಳುತ್ತಾರೆ, ಎರಡನೆಯದನ್ನು ಕಲಾವಿದರು. ಎರಡರಲ್ಲಿಯೂ ಸ್ವಲ್ಪ ಸ್ವಾರ್ಥವಿದೆ. ಮೊದಲಿನವರು ಕಾಪಾಡಲು ಹೊರಟಿರುವುದು ಪುಸ್ತಕವನ್ನಲ್ಲ, ತಮ್ಮ ಬಾಲ್ಯವನ್ನು. ಜಗಲಿಯ ಮೇಲೆ ಮಲಗಿ ಓದಿದಾಗ ಮನಸ್ಸಿನಲ್ಲಿ ಮೂಡಿದ ಚಿತ್ರ ರಂಗದ ಮೇಲೆ ಕಾಣಿಸಲಿಲ್ಲವೆಂಬುದೇ ಅವರ ದುಃಖ. ಎರಡನೆಯವರು ಬೇಡುವುದು ಸ್ವಾತಂತ್ರ್ಯವನ್ನು. ಆದರೆ ಪುಸ್ತಕದ ಹೆಸರನ್ನು ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕಿ ಜನರನ್ನು ಕರೆದ ಮೇಲೆ, ಪುಸ್ತಕಕ್ಕೂ ತಮಗೂ ಸಂಬಂಧವಿಲ್ಲವೆನ್ನುವುದು ನ್ಯಾಯವೆ? ಹೆಸರನ್ನು ಕಡ ತಂದವನಿಗೆ ಹಿಂತಿರುಗಿಸಬೇಕಾದದ್ದು ಏನಾದರೂ ಇರಲೇಬೇಕು. ಅದು ಏನು ಎಂಬುದೇ ಪ್ರಶ್ನೆ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಅದು ಕಾದಂಬರಿಯಲ್ಲ, ಕಥನಕವನ, ನಿಜ. ಆದರೆ ಇಂಗ್ಲಿಷ್ ಮಕ್ಕಳಿಗೆ ಆಲಿಸ್ ಇದ್ದಂತೆ ನಮ್ಮ ಮೂರು ತಲೆಮಾರಿನ ಮಕ್ಕಳಿಗೆ ಈ ಜೋಗಿ ಇದ್ದಾನೆ. ಬಾಯಿಪಾಠ ಮಾಡಿದವರು ಎಷ್ಟೋ ಮಂದಿ; ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕಾಗದದ ಬಾಲ ಕಟ್ಟಿಕೊಂಡು ಇಲಿಯಾದವರು ಇನ್ನೂ ಹೆಚ್ಚು. ಅದು ನೃತ್ಯರೂಪಕವಾಗಿ ಎಷ್ಟು ಊರುಗಳಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಟ್ಟವರಿಲ್ಲ.

ಈಚೆಗೆ ಅಕ್ಕಿಹೆಬ್ಬಾಳಿನ ಕಡೆಯ ಶಾಲೆಯೊಂದರಲ್ಲಿ ನೃತ್ಯ ಕಲಿಸುವ ಹೆಣ್ಣುಮಗಳೊಬ್ಬರು ಇದೇ ಕವನವನ್ನು ರೂಪಕವಾಗಿ ಆಡಿಸುವ ಸಿದ್ಧತೆಯಲ್ಲಿದ್ದರು. ಮಾತಿನ ನಡುವೆ ನನ್ನನ್ನು ಕೇಳಿದರು: ‘ಸಾರ್, ಕೊನೇಲಿ ಮಕ್ಕಳು ವಾಪಸು ಬಂದುಬಿಟ್ಟರೆ ಆಗೋದಿಲ್ವೆ? ಗೌಡ ತಪ್ಪಾಯ್ತು ಅಂತ ಕಾಲಿಗೆ ಬೀಳಲಿ, ಜೋಗಿ ಮಕ್ಕಳನ್ನ ಬಿಡಲಿ. ತಾಯಂದಿರು ಮುಂದೆ ಕೂತಿರ್ತಾರೆ, ಹಬ್ಬದ ಹಾಗಿರೋ ದಿವಸ.’ ಇದು ಉಡಾಫೆಯ ಪ್ರಶ್ನೆಯಲ್ಲ. ಮಕ್ಕಳನ್ನು ಪ್ರೀತಿಸುವವರೊಬ್ಬರು ಮನಸ್ಸಿಟ್ಟು ಕೇಳಿದ್ದು. ಆದ್ದರಿಂದಲೇ ‘ಛೆ, ಕುವೆಂಪು ಕೃತಿಯನ್ನು ಮುಟ್ಟಬಾರದು’ ಎಂದು ಹೇಳಿ ಕೈತೊಳೆದುಕೊಳ್ಳುವಂತಿರಲಿಲ್ಲ.

ಹಾಗೆ ಹೇಳುವುದಕ್ಕೆ ಬೇರೆ ಅಡ್ಡಿಯೂ ಇದೆ. ಕುವೆಂಪು ಅವರೇ ಮುಟ್ಟಿದವರಲ್ಲವೆ? ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನದಲ್ಲಿ ಊರು ಜರ್ಮನಿಯ ಹ್ಯಾಮೆಲಿನ್, ಹೊಳೆ ವೇಸರ್, ಇಲಿಗಳನ್ನು ಸೆಳೆದೊಯ್ಯುವವನು ಬಣ್ಣಬಣ್ಣದ ಅಂಗಿ ತೊಟ್ಟ ಕೊಳಲಿನವನು. ಕನ್ನಡಕ್ಕೆ ಬಂದಾಗ ಹೊಳೆ ತುಂಗೆಯಾಯಿತು, ಪುರಸಭೆಯ ಮೇಯರು ಹಳ್ಳಿಯ ಗೌಡನಾದ, ಕೊಳಲು ಕಿಂದರಿಯಾಯಿತು. ಇದರಿಂದ ಕಥೆಗೆ ನಷ್ಟವಾಯಿತೆಂದು ಯಾರೂ ಹೇಳಲಾರರು. ನಮ್ಮಲ್ಲಿ ಕಿನ್ನರಿ ನುಡಿಸುತ್ತ ಕಥೆ ಹಾಡುವ ಜೋಗಿಗಳಿದ್ದಾರೆ. ನಾಗಮಂಗಲದ ಕಡೆಯವರಿಗಂತೂ ಆದಿಚುಂಚನಗಿರಿಯ ಕಾಲಭೈರವನ ನೆಲೆ, ನಾಥಪಂಥ, ಜೋಗಿಗಳು, ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಿಗೆ ಬಂದ ಜೋಗಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಅಳುಕು ನಮ್ಮ ಅಜ್ಜಿಯರಿಗಿತ್ತು. ಜರ್ಮನ್ ಪುರಸಭೆ ಒಬ್ಬ ಕೆಲಸಗಾರನ ಕೂಲಿ ಮುರಿದರೆ ಅದು ಮೋಸ. ಜೋಗಿಗೆ ಆಡಿದ ಮಾತು ತಪ್ಪಿದರೆ ಮೋಸವೂ ಹೌದು, ಅದರಾಚೆಗೆ ಇನ್ನೇನೋ ಹೌದು. ಕುವೆಂಪು ಬದಲಾಯಿಸಿದ್ದರಿಂದ ಕಥೆಯ ಗಂಟು ಸಡಿಲವಾಗಲಿಲ್ಲ, ಬಿಗಿಯಾಯಿತು.

ಅಕ್ಕಿಹೆಬ್ಬಾಳೆಂದಮೇಲೆ ಇಲ್ಲಿ ಇನ್ನೊಬ್ಬರ ನೆನಪಾಗದೆ ಇರುವುದಿಲ್ಲ. ಎ.ಎನ್. ಮೂರ್ತಿರಾಯರ ಹೆಸರಿನ ಮೊದಲಕ್ಷರ ಈ ಊರೇ. ಹೇಮಾವತಿಯ ದಡದ ಈ ಹಳ್ಳಿಯಲ್ಲಿ 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದವರು ಅವರು. ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ಅವರ ಕೈಯಲ್ಲಿ ‘ಚಂಡಮಾರುತ’ವಾಯಿತು, ಮೋಲಿಯೇರನ ‘ತಾರ್ತೂಫ್’ ‘ಆಷಾಢಭೂತಿ’ಯಾಯಿತು. ಎರಡನೆಯದರ ಹೆಸರನ್ನು ಗಮನಿಸಬೇಕು. ಫ್ರೆಂಚ್ ಕಪಟಿಗೆ ಕನ್ನಡ ಹೆಸರೊಂದನ್ನು ಹೊಸದಾಗಿ ಕಟ್ಟಲಿಲ್ಲ. ಪಂಚತಂತ್ರದಲ್ಲಿ ಶಿಷ್ಯನ ವೇಷ ಹಾಕಿ ಸಂನ್ಯಾಸಿಯ ಹಣ ಹೊಡೆದವನ ಹೆಸರು ನಮ್ಮ ಬಾಯಲ್ಲಿ ಬೈಗುಳವಾಗಿ ಮೊದಲೇ ಇತ್ತು; ಅದು ತಾರ್ತೂಫನಿಗೆ ಅಳತೆಯಿಟ್ಟು ಹೊಲಿದ ಅಂಗಿಯಂತೆ ಕೂತಿತು. ಹೆಸರು, ಉಡುಗೆ, ಊರು ಯಾವುದು ಬದಲಾದರೂ ಚಿಂತೆಯಿಲ್ಲ, ಕಪಟ ಮಾತ್ರ ಕಪಟವಾಗಿಯೇ ಉಳಿಯಬೇಕು. ರೂಪಾಂತರಕ್ಕೆ ಇಷ್ಟು ಕಟ್ಟಳೆ ಸಾಕೆಂದು ನನಗೆ ತೋರುತ್ತದೆ. ‘ಆಷಾಢಭೂತಿ’ಯನ್ನು ಆಡಿಸುವವರು ಕೊನೆಯ ಅಂಕದಲ್ಲಿ ಅವನನ್ನು ನಿಜವಾದ ಭಕ್ತನನ್ನಾಗಿ ಮಾಡಿದರೆ ನಾಟಕವೇ ಉಳಿಯುವುದಿಲ್ಲ.

ಕಿಂದರಿಜೋಗಿಯ ಕಥೆಯಲ್ಲಿ ಅಂತಹ ಗಂಟು ಯಾವುದು? ಇಲಿಗಳೆಂದು ಮಕ್ಕಳು ಹೇಳುತ್ತಾರೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಹ್ಯಾಮೆಲಿನ್ ಊರಿನ ಐತಿಹ್ಯದ ಪ್ರಕಾರ 1284ರ ಜೂನ್ 26ರಂದು ಅಲ್ಲಿನ 130 ಮಕ್ಕಳು ಕಾಣೆಯಾದರು. ಆ ಹಳೆಯ ಉಲ್ಲೇಖಗಳಲ್ಲಿ ಇಲಿಯ ಸುದ್ದಿಯೇ ಇಲ್ಲ. ಇಲಿಗಳು ಕಥೆಗೆ ಸೇರಿಕೊಂಡದ್ದು ಹದಿನಾರನೆಯ ಶತಮಾನದಲ್ಲಿ. ಮೊದಲು ಇದ್ದದ್ದು ಕಾರಣವಿಲ್ಲದ ಒಂದು ನಷ್ಟ ಮಾತ್ರ. ಮಕ್ಕಳು ಹೋದರು, ಏಕೆ ಹೋದರೋ ತಿಳಿಯದು. ಆ ಶೂನ್ಯವನ್ನು ಸಹಿಸಲಾರದೆ ಜನ ಹಿಂದಕ್ಕೆ ಹೋಗಿ ಕಾರಣವನ್ನು ಹುಡುಕಿದರು: ನಾವೇ ಏನೋ ತಪ್ಪು ಮಾಡಿರಬೇಕು, ಯಾರಿಗೋ ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಂಡಿರಬೇಕು. ಹೀಗೆ ಇಲಿ ಬಂತು, ಕೂಲಿ ಬಂತು, ಮುರಿದ ಮಾತು ಬಂತು. ಕಥೆಯನ್ನು ಮಾರ್ಪಡಿಸುವವರು ಅದನ್ನು ತೆಳ್ಳಗೆ ಮಾಡುತ್ತಾರೆಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ನೋಡಿದರೆ ಮಾರ್ಪಡಿಸಿದವರೇ ಅದಕ್ಕೆ ನೀತಿಯನ್ನು ಕೊಟ್ಟವರು. ಬ್ರೌನಿಂಗ್ ಈ ಕಥೆಯನ್ನು ಬರೆದುಕೊಟ್ಟದ್ದು ನಟ ಮ್ಯಾಕ್ರೆಡಿಯವರ ಚಿಕ್ಕ ಮಗನಿಗೆ, ಹಾಸಿಗೆ ಹಿಡಿದಿದ್ದಾಗ ಚಿತ್ರ ಬರೆಯಲೆಂದು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬ ಬುದ್ಧಿಮಾತಿನಿಂದಲೇ ಅದನ್ನು ಮುಗಿಸಿದ.

ಆದ್ದರಿಂದ ಗಂಟು ಇರುವುದು ಇಲಿಗಳಲ್ಲಿ ಅಲ್ಲ, ಮಾತಿನಲ್ಲಿ. ನೃತ್ಯಕ್ಕೆ ಕಷ್ಟ ಶುರುವಾಗುವುದೂ ಅಲ್ಲಿಯೇ. ಇಲಿಗಳನ್ನು ಕುಣಿಸುವುದು ಬಹಳ ಸುಲಭ. ಹದಿನೈದು ಮಕ್ಕಳಿಗೆ ಬಾಲ ಕಟ್ಟಿ ಬಿಟ್ಟರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಹೊಳೆಯೂ ಸುಲಭ, ನಾಲ್ಕು ನೀಲಿ ಸೀರೆ, ಎಂಟು ಕೈ. ಮೆರವಣಿಗೆಯಂತೂ ನೃತ್ಯಕ್ಕೆಂದೇ ಹುಟ್ಟಿದ್ದು. ಆದರೆ ‘ನೀನು ಅಂದು ಕೊಡುತ್ತೇನೆಂದು ಹೇಳಿದ್ದೆ, ಇಂದು ಕೊಡುವುದಿಲ್ಲ ಎನ್ನುತ್ತೀಯೆ’ ಎಂಬುದನ್ನು ಕುಣಿದು ತೋರಿಸುವುದು ಹೇಗೆ? ಕೊಡುವುದನ್ನು ತೋರಿಸಬಹುದು, ಇಲ್ಲವೆನ್ನುವುದಕ್ಕೂ ಕೈ ಇದೆ. ‘ಹೇಳಿದ್ದೆ’ ಎಂಬ ಭೂತಕಾಲಕ್ಕೆ ಕೈ ಎಲ್ಲಿದೆ? ಮೈ ಯಾವಾಗಲೂ ವರ್ತಮಾನದಲ್ಲಿರುತ್ತದೆ. ಅಂದಿಗೂ ಇಂದಿಗೂ ಸೇತುವೆ ಕಟ್ಟಬಲ್ಲದ್ದು ಮಾತು. ನಮ್ಮ ಭಾಷೆಯಲ್ಲಂತೂ ‘ಭಾಷೆ’ಯೆಂಬ ಶಬ್ದಕ್ಕೇ ವಚನವೆಂಬ ಅರ್ಥವಿದೆ; ಭಾಷೆ ಕೊಡುತ್ತೇವೆ, ಭಾಷೆಗೆ ತಪ್ಪುತ್ತೇವೆ. ಭಾಷೆಯನ್ನು ಬಿಟ್ಟ ಕಲೆ ಭಾಷೆ ತಪ್ಪಿದವನ ಕಥೆಯನ್ನು ಹೇಳಬೇಕಾಗಿದೆ.

ಇದು ನಮ್ಮ ಶಾಲೆಗಳ ಬಡತನದಿಂದ ಬಂದ ತೊಂದರೆಯಲ್ಲ. ಲೋಕಪ್ರಸಿದ್ಧವಾದ ಬ್ಯಾಲೆಗಳೂ ಇಲ್ಲಿಯೇ ಎಡವಿವೆ. ಚೈಕೋವ್‌ಸ್ಕಿಯ ಸಂಗೀತವಿರುವ ‘ನಟ್‌ಕ್ರ್ಯಾಕರ್’ 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲು ರಂಗವೇರಿತು. ಅದರ ಮೂಲ ಜರ್ಮನ್ ಲೇಖಕ ಹಾಫ್‌ಮನ್ನನ 1816ರ ಮಕ್ಕಳ ಕಥೆ. ಬ್ಯಾಲೆಯವರು ಹಿಡಿದದ್ದು ಅದನ್ನು ಫ್ರೆಂಚಿನಲ್ಲಿ ಅಲೆಕ್ಸಾಂಡರ್ ಡ್ಯೂಮಾ ಮತ್ತೆ ಹೇಳಿದ್ದನ್ನು. ಆ ಕಥೆಯೊಳಗೆ ಇನ್ನೊಂದು ಕಥೆಯಿದೆ. ಶಾಪದಿಂದ ವಿಕಾರಳಾದ ರಾಜಕುಮಾರಿ. ಗಟ್ಟಿಕಾಯೊಂದನ್ನು ಹಲ್ಲಿನಿಂದ ಒಡೆದು ಅವಳನ್ನು ಗುಣಪಡಿಸುವವನಿಗೆ ಅವಳನ್ನೇ ಕೊಡುವುದಾಗಿ ರಾಜ ಮಾತು ಕೊಟ್ಟಿರುತ್ತಾನೆ. ಒಬ್ಬ ಹುಡುಗ ಒಡೆಯುತ್ತಾನೆ. ರಾಜಕುಮಾರಿ ಚೆಲುವೆಯಾಗುತ್ತಾಳೆ, ಶಾಪ ಹುಡುಗನಿಗೆ ತಟ್ಟಿ ಅವನು ವಿಕಾರನಾಗುತ್ತಾನೆ, ಅರಮನೆಯವರು ಅವನನ್ನು ಹೊರಗೆ ಅಟ್ಟುತ್ತಾರೆ. ಮುರಿದ ಮಾತಿನ ಈ ಕಥೆಯೇ ಆ ಮರದ ಗೊಂಬೆಯ ಹಿಂದಿನ ನೋವು. ಬ್ಯಾಲೆಯಲ್ಲಿ ಅದು ಇಡಿಯಾಗಿ ಬಿಟ್ಟುಹೋಯಿತು. ಉಳಿದದ್ದು ಇಲಿಗಳ ಕಾಳಗ, ಹಿಮದ ಕುಣಿತ, ಮಿಠಾಯಿಯ ರಾಜ್ಯ. ಅಂದವಾದ ಬ್ಯಾಲೆ, ನಿಜ. ಇಂದಿಗೂ ಕ್ರಿಸ್‌ಮಸ್ಸಿನಲ್ಲಿ ಲಕ್ಷಾಂತರ ಮಕ್ಕಳು ಅದನ್ನು ನೋಡುತ್ತಾರೆ. ಆದರೆ ಗೊಂಬೆಯ ಮುಖ ಅಷ್ಟು ವಿಕಾರವೇಕೆಂದು ಅವರಲ್ಲಿ ಯಾರಿಗೂ ತಿಳಿಯದು.

ಆಲಿಸಳ ಗತಿಯೂ ಹೀಗೆಯೇ. ‘ಅನರ್ಥಕೋಶ’ ಬರೆದ ನಾ. ಕಸ್ತೂರಿಯವರು ಅವಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿದಾಗ ಕನ್ನಡದ ಶಬ್ದಗಳಿಂದಲೇ ತಮಾಷೆ ಮಾಡಬಹುದಾಗಿತ್ತು. 2011ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಗಾಗಿ ಕ್ರಿಸ್ಟೋಫರ್ ವೀಲ್ಡನ್ ಅವಳನ್ನು ಕುಣಿಸಿದಾಗ ಶಬ್ದಗಳೇ ಇರಲಿಲ್ಲ. ಅವರು ಆಲಿಸಳ ವಯಸ್ಸನ್ನು ಸ್ವಲ್ಪ ಏರಿಸಿ ಅವಳಿಗೊಂದು ಪ್ರೇಮವನ್ನು ಒದಗಿಸಿದರು. ಬ್ಯಾಲೆಗೆ ಪ್ರೇಮ ಬೇಕು, ನಮ್ಮ ಸಿನಿಮಾಕ್ಕೆ ಬೇಕಾದ ಹಾಗೆ!

ನಮ್ಮ ಕಲೆಗಳಿಗೆ ಈ ಇಕ್ಕಟ್ಟು ಅಷ್ಟಾಗಿ ಇರಬೇಕಾದದ್ದಿಲ್ಲ. ಅಭಿನಯವೆಂದರೆ ನಮ್ಮವರಿಗೆ ಆಂಗಿಕವೊಂದೇ ಅಲ್ಲ, ವಾಚಿಕವೂ ಹೌದು. ಅಕ್ಕಿಹೆಬ್ಬಾಳಿಗೆ ಸಮೀಪದ ಮೇಲುಕೋಟೆಯವರಾದ ಪು.ತಿ.ನ. ತಮ್ಮ ‘ಗೋಕುಲ ನಿರ್ಗಮನ’ದಂತಹ ಗೀತನಾಟಕಗಳಲ್ಲಿ ಮಾತನ್ನು ಬಿಡಲಿಲ್ಲ, ಹಾಡಿನೊಳಗೆ ಇಟ್ಟರು. ಕರಾವಳಿಗೆ ಹೋದರೆ ಎರಡು ತುದಿಗಳೂ ಸಿಗುತ್ತವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡು, ಮೇಲೆ ಮಾತಿನ ಮಳೆ. ಅದಕ್ಕೆ ಎದುರಾಗಿ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಅರ್ಥಗಾರಿಕೆಯನ್ನೇ ಕೈಬಿಟ್ಟು ಹಾಡು, ವಾದ್ಯ, ಹೆಜ್ಜೆ, ಮುಖಭಾವಗಳಿಂದ ಕಥೆ ನಡೆಸಿದರು. ಅದರ ಮೇಲೆ ನಡೆದ ಜಗಳ ಸಣ್ಣದಲ್ಲ. ಅದರಲ್ಲಿ ಕಾರಂತರ ಸಾಹಸಕ್ಕೆ ನನ್ನ ಮೆಚ್ಚಿಕೆಯಿದೆ. ಆದರೂ ಅಭಿಮನ್ಯು ಮಾತಿಲ್ಲದೆ ಸಾಯಬಲ್ಲ, ಹರಿಶ್ಚಂದ್ರ ಮಾತಿಲ್ಲದೆ ಕಷ್ಟಪಡಲಾರ ಎಂದೇ ನನ್ನ ಭಾವನೆ. ಚಕ್ರವ್ಯೂಹವನ್ನು ಕಣ್ಣಿನಿಂದ ನೋಡಬಹುದು. ವಚನವನ್ನು ಕಿವಿಯಿಂದ ಕೇಳಿದ್ದರೆ ಮಾತ್ರ ಅದು ಮುರಿದದ್ದು ತಿಳಿಯುತ್ತದೆ.

ಗ್ರಿಮ್ ಸೋದರರು 1816ರಲ್ಲಿ ಹ್ಯಾಮೆಲಿನ್ ಕಥೆಯನ್ನು ಬರೆದಿಟ್ಟಾಗ ಸೇರಿಸಿದ ಒಂದು ವಿವರ ನನಗೆ ಇಲ್ಲಿ ನೆನಪಾಗುತ್ತದೆ. ಎರಡು ಮಕ್ಕಳು ಹಿಂದೆ ಬಿದ್ದು ಊರಿಗೆ ಮರಳಿದವಂತೆ. ಒಂದು ಕುರುಡು, ಒಂದು ಮೂಕ. ಕುರುಡು ಮಗು ತಾವು ಹೇಗೆ ವಾದ್ಯಗಾರನ ಹಿಂದೆ ಹೋದೆವೆಂದು ಹೇಳಬಲ್ಲದು, ಜಾಗವನ್ನು ತೋರಿಸಲಾರದು. ಮೂಕ ಮಗು ಜಾಗವನ್ನು ತೋರಿಸಬಲ್ಲದು, ಏನು ನಡೆಯಿತೆಂದು ಹೇಳಲಾರದು. ಹಾಡುಗಾರನನ್ನೂ ನರ್ತಕಿಯನ್ನೂ ಅಕ್ಕಪಕ್ಕ ನಿಲ್ಲಿಸಿ ಯಾರೋ ಈ ಸಾಲನ್ನು ಬರೆದ ಹಾಗಿದೆ.

ಹಾಗಾದರೆ ಶಾಲೆಯ ರೂಪಕದಲ್ಲಿ ಮಾಡಬೇಕಾದದ್ದೇನು? ಹಿನ್ನೆಲೆಯಲ್ಲಿ ಕವನವನ್ನು ಹಾಡುವುದು ಇದ್ದೇ ಇದೆ. ಆದರೆ ಸಮಯ ಸಾಲದೆಂದು ಮೊದಲು ಕತ್ತರಿ ಬೀಳುವುದು ಗೌಡ ಜೋಗಿಯರ ಮಾತುಕತೆಯ ಭಾಗಕ್ಕೆ. ಇಲಿಗಳಿಗೆ ಏಳು ನಿಮಿಷ, ಮೆರವಣಿಗೆಗೆ ಐದು, ಒಪ್ಪಂದಕ್ಕೆ ಅರ್ಧ ನಿಮಿಷ. ಅಲ್ಲಿ ಏನೂ ‘ನಡೆಯುವುದಿಲ್ಲ’ವಂತೆ! ನಾನು ಆ ಶಿಕ್ಷಕಿಗೆ ಕೇಳಿಕೊಂಡದ್ದು ಆ ಅರ್ಧ ನಿಮಿಷವನ್ನು ಮೂರು ಮಾಡಿ ಎಂದು. ಅವರು ಅದಕ್ಕೆ ಕಂಡುಕೊಂಡ ಉಪಾಯ ನನ್ನ ಸಲಹೆಗಿಂತ ಎಷ್ಟೋ ಮೇಲಾಗಿತ್ತು. ಜೋಗಿಯ ಎರಡು ಕೈಗಳಲ್ಲೂ ಕಿಂದರಿಯಿರುತ್ತದಷ್ಟೆ. ಭರತನಾಟ್ಯದವರಿಗೆ ಹಸ್ತವೇ ನಾಲಿಗೆ. ಎಂದರೆ ಜೋಗಿ ಪ್ರಾಯಶಃ ಆದ್ಯಂತ ಮೂಕ, ಕಾಲು ಮತ್ತು ಕಣ್ಣು ಮಾತ್ರ ಅವನವು. ಎರಡೇ ಸಲ ಅವನು ಕಿಂದರಿಯನ್ನು ನೆಲದ ಮೇಲೆ ಇಡುತ್ತಾನೆ. ಮೊದಲನೆಯ ಸಲ ಗೌಡ ಅವನ ಅಂಗೈಮೇಲೆ ಕೈಯಿಟ್ಟು ಭಾಷೆ ಕೊಡುವಾಗ. ಎರಡನೆಯ ಸಲ, ಇಲಿಗಳೆಲ್ಲ ಹೊಳೆಯ ಪಾಲಾದ ಮೇಲೆ, ಅದೇ ಜಾಗದಲ್ಲಿ ಅದೇ ರೀತಿ ಅಂಗೈ ಚಾಚಿ ನಿಂತಾಗ. ಗೌಡ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. ತಾಳ ನಿಲ್ಲುತ್ತದೆ. ಜೋಗಿ ಬಗ್ಗಿ ಕಿಂದರಿಯನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಮೈಗೆ ಭೂತಕಾಲವಿಲ್ಲವೆಂದು ಮೇಲೆ ಹೇಳಿದೆ. ಒಂದೇ ಭಂಗಿ ಎರಡು ಸಲ ಬಂದರೆ ನೋಡುವವರ ನೆನಪೇ ಭೂತಕಾಲವಾಗುತ್ತದೆ. ಆ ಶಿಕ್ಷಕಿ ಇದನ್ನು ಯಾವ ಗ್ರಂಥದಿಂದಲೂ ತೆಗೆದುಕೊಂಡದ್ದಲ್ಲ. ‘ಪುಣ್ಯಕೋಟಿ ಮಾಡಿಸಿದ್ದಾಗ ಹಸು ಹುಲಿಗೆ ಮಾತು ಕೊಡೋ ಜಾಗದಲ್ಲಿ ಹೀಗೇ ಮಾಡಿದ್ದೆ ಸಾರ್’ ಎಂದರು. ಮಾತನ್ನು ಉಳಿಸಿಕೊಂಡ ಹಸುವಿನ ಹಾಡು ಒಂದು ಕಡೆ, ಮಾತಿಗೆ ತಪ್ಪಿದ ಗೌಡನ ಕಥೆ ಇನ್ನೊಂದು ಕಡೆ; ಕನ್ನಡದ ಮಕ್ಕಳು ಇವೆರಡರ ನಡುವೆ ಬೆಳೆಯುತ್ತಾರೆ.

ಇನ್ನು ಮಕ್ಕಳನ್ನು ಹಿಂದಕ್ಕೆ ಕರೆತರುವ ಪ್ರಶ್ನೆ. ಅದರ ಪರವಾಗಿ ಹೇಳಬಹುದಾದದ್ದು ಕಡಮೆಯಿಲ್ಲ. ಮಕ್ಕಳು ಹೆದರುತ್ತಾರೆ, ಎಳೆಯ ಮನಸ್ಸಿನಲ್ಲಿ ಬೆಟ್ಟ ಬಾಯಿ ಮುಚ್ಚಿಕೊಂಡ ಚಿತ್ರವನ್ನು ಬಿತ್ತಬೇಕೆ? ಮೊದಲನೆಯದಾಗಿ, ಮಕ್ಕಳು ಹೆದರುತ್ತಾರೆಂಬುದು ನನಗೆ ಸಂದೇಹ. ಅವರ ಕಣ್ಣಿಗೆ ಆ ಮಕ್ಕಳು ಸತ್ತಿಲ್ಲ. ದೊಡ್ಡವರಿಲ್ಲದ ಸೊಗಸಾದ ಜಾಗವೊಂದಕ್ಕೆ ಹೋಗಿದ್ದಾರೆ. ತಾಲೀಮಿನಲ್ಲಿ ಬೆಟ್ಟದೊಳಕ್ಕೆ ನುಗ್ಗಲು ಅವರು ಒಬ್ಬರನ್ನೊಬ್ಬರು ತಳ್ಳುವುದನ್ನು ನೋಡಿದರೆ ಸಾಕು. ಹೆದರಿಕೆ ಇರುವುದು ಕುರ್ಚಿಯಲ್ಲಿ ಕುಳಿತವರಿಗೆ. ಅವರಿಗೆ ಅದು ಇರಬೇಕಾದದ್ದೇ. ಕಥೆ ಮಕ್ಕಳ ಬಾಯಲ್ಲಿದೆ, ಆದರೆ ಗೌಡ ಕುಳಿತಿರುವುದು ಮುಂದಿನ ಸಾಲಿನಲ್ಲಿ.

ಎರಡನೆಯ ವಾದ ಇದಕ್ಕಿಂತ ಬಲವಾದದ್ದು: ಮಕ್ಕಳು ಮಾಡಿದ ತಪ್ಪೇನು? ಗೌಡ ಕೊಡಲಿಲ್ಲವೆಂದು ಗೌಡನನ್ನು ಹೊಳೆಗೆ ತಳ್ಳಲಿ. ಏನೂ ಅರಿಯದ ಕೂಸುಗಳನ್ನು ಕೊಂಡೊಯ್ಯುವುದು ಯಾವ ಧರ್ಮ? ಈ ಪ್ರಶ್ನೆಗೆ ಸಮಾಧಾನದ ಉತ್ತರವಿಲ್ಲ. ಜೋಗಿ ಮಾಡಿದ್ದು ನ್ಯಾಯವಲ್ಲ. ಬಾಕಿಗೆ ಬಡ್ಡಿಯಿರಬಹುದು, ಆದರೆ ಹೆತ್ತವರ ಕರುಳನ್ನು ಬಡ್ಡಿಯಾಗಿ ಕೇಳುವ ಸಾಲಗಾರನನ್ನು ನಾವು ಯಾವ ಲೆಕ್ಕದಲ್ಲಿಯೂ ಒಪ್ಪಲಾರೆವು. ಅನೇಕರು ಈ ಕವನವನ್ನು ‘ಮಾತು ಉಳಿಸಿಕೊಳ್ಳಿ’ ಎಂಬ ಸರಳ ಪಾಠವಾಗಿ ಓದಿ ಮುಗಿಸುತ್ತಾರೆ. ಮುಗಿಸಿದಮೇಲೂ ಈ ಮುಳ್ಳು ಉಳಿಯುತ್ತದೆ. ಉಳಿಯಬೇಕು. ಏಕೆಂದರೆ ಲೋಕದಲ್ಲಿ ನಡೆಯುವುದೂ ಹೀಗೆಯೇ. ಅಪ್ಪ ಮಾಡಿದ ಸಾಲದ ಪತ್ರ ಮಗನ ಕೈಗೆ ಬರುತ್ತದೆ. ಹೊಳೆಯನ್ನೂ ಕೆರೆಯನ್ನೂ ಕೆಡಿಸುವವರು ನಾವು, ಆ ನೀರನ್ನು ಕುಡಿಯಬೇಕಾದವರು ಅವರು. ತಪ್ಪು ಮಾಡಿದವನೇ ತೆರುವ ಹಾಗಿದ್ದರೆ ಮಾತು ತಪ್ಪುವುದು ಅವನವನ ಖಾಸಗಿ ವ್ಯಾಪಾರವಾಗುತ್ತಿತ್ತು. ಅದರ ಬೆಲೆ ಪಕ್ಕದವನ ಮನೆಯಿಂದ, ಮುಂದಿನ ತಲೆಮಾರಿನಿಂದ ವಸೂಲಾಗುವುದರಿಂದಲೇ ಅದು ಅಷ್ಟು ದೊಡ್ಡ ತಪ್ಪು. ಇದನ್ನು ಹೇಳಲು ಕಥೆಗೆ ಅನ್ಯಾಯವೇ ಬೇಕು. ಗೌಡ ಕಾಲಿಗೆ ಬಿದ್ದ ಕೂಡಲೆ ಮಕ್ಕಳು ಹಾಡುತ್ತ ಬಂದುಬಿಟ್ಟರೆ ಗೌಡನೂ ಗೆದ್ದ, ಜೋಗಿಯೂ ಒಳ್ಳೆಯವನಾದ. ಮುರಿದ ಮಾತಿಗೆ ಬೆಲೆ ಒಂದು ನಮಸ್ಕಾರ! ಇಷ್ಟು ಅಗ್ಗವಾಗಿದ್ದರೆ ಬುದ್ಧಿವಂತರೆಲ್ಲ ಮಾತು ಮುರಿಯುತ್ತಾರೆ. ಮಕ್ಕಳು ಇದನ್ನು ನಮಗಿಂತ ಬೇಗ ಲೆಕ್ಕ ಹಾಕುತ್ತಾರೆ.

ಹ್ಯಾಮೆಲಿನ್ನಿನಲ್ಲಿ ಒಂದು ಬೀದಿಗೆ ‘ಡೋಲಿಲ್ಲದ ಬೀದಿ’ ಎಂಬ ಅರ್ಥದ ಹೆಸರಿದೆ. ಮಕ್ಕಳು ಊರು ಬಿಟ್ಟದ್ದು ಅದೇ ದಾರಿಯಿಂದಂತೆ. ಇಂದಿಗೂ ಅಲ್ಲಿ ವಾದ್ಯ ಬಾರಿಸುವುದಿಲ್ಲ, ಕುಣಿಯುವುದಿಲ್ಲ. ಉಳಿದ ಬೀದಿಗಳಲ್ಲಿ ಪ್ರವಾಸಿಗಳಿಗಾಗಿ ಇದೇ ಕಥೆಯನ್ನು ಆಡಿ ತೋರಿಸುವ ಊರು ಒಂದು ಬೀದಿಯನ್ನು ಮಾತ್ರ ಸುಮ್ಮನೆ ಬಿಟ್ಟುಕೊಂಡಿದೆ. ರೂಪಕ ಮಾಡುವವರು ಈ ನಡವಳಿಕೆಯನ್ನು ಗಮನಿಸಬೇಕು.

ನಮ್ಮ ರೂಪಕದಲ್ಲಿ ಆ ಮೌನದ ಜಾಗ ಯಾವುದೆಂದರೆ ಹಿಂದೆ ಉಳಿಯುವ ಹುಡುಗ. ಬ್ರೌನಿಂಗನಲ್ಲಿಯೂ ಕುವೆಂಪು ಅವರಲ್ಲಿಯೂ ಕಾಲಿನ ಊನದಿಂದ ಓಡಲಾರದೆ ಒಬ್ಬ ಉಳಿದುಬಿಡುತ್ತಾನೆ. ಎಲ್ಲರೂ ಅವನನ್ನು ಬದುಕಿಕೊಂಡವನೆಂದು ತಿಳಿಯುತ್ತಾರೆ. ಅವನಿಗೆ ಮಾತ್ರ ತಾನೇ ಕಳೆದುಕೊಂಡವನು. ಪುಸ್ತಕದಲ್ಲಿ ಅವನದು ಕೆಲವೇ ಸಾಲು. ನೃತ್ಯರೂಪಕಗಳಲ್ಲಿ ಅವನನ್ನು ಎಷ್ಟೋ ಸಲ ಬಿಟ್ಟೇಬಿಡುತ್ತಾರೆ, ಕುಣಿಯಲಾರದವನಿಗೆ ಕುಣಿತದಲ್ಲಿ ಏನು ಕೆಲಸವೆಂದು. ವಿಚಾರ ಮಾಡಿದರೆ ಕುಣಿತದಲ್ಲಿಯೇ ಅವನಿಗೆ ಅತ್ಯಂತ ದೊಡ್ಡ ಕೆಲಸ. ಎಲ್ಲ ಮೈಗಳೂ ಚಲಿಸುವ ರಂಗದಲ್ಲಿ ನಿಂತ ಮೈಯೊಂದೇ ಮಾತು ಆಡುವುದು.

ಆ ಶಾಲೆಯಲ್ಲಿ ಊರುಗೋಲು ಹಿಡಿದು ನಡೆಯುವ ಹುಡುಗನೊಬ್ಬನಿದ್ದ. ಪಾತ್ರ ಅವನಿಗೇ ಎಂದು ಎಲ್ಲರೂ ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದರು. ಅದು ಅವನಿಗೆ ಸಂದ ಗೌರವವೆಂದೇ ಅವರ ನಂಬಿಕೆ. ಹುಡುಗ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಕೇಳಿದ: ‘ಮಿಸ್, ನಾನ್ಯಾಕೆ ಇಲಿ ಆಗ್ಬಾರ್ದು?’ ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಇಲಿಗಳು ನೆಲದ ಮೇಲೆ ತೆವಳುತ್ತವೆ, ಅಲ್ಲಿ ಊರುಗೋಲೇ ಬೇಕಾಗಿಲ್ಲ. ಬದುಕಿನಲ್ಲಿ ಪ್ರತಿದಿನ ಮಾಡುತ್ತಿರುವ ಪಾತ್ರವನ್ನೇ ರಂಗದ ಮೇಲೂ ಮಾಡು ಎಂದು ಅವನಿಗೆ ಹೇಳುತ್ತಿದ್ದೆವು. ಉಳಿದ ಮಕ್ಕಳಿಗೆಲ್ಲ ತಾವಲ್ಲದ್ದು ಆಗುವ ಸುಖವಿದ್ದಾಗ ಅವನೊಬ್ಬನಿಗೆ ಅದನ್ನು ಕೊಡದೆ. ಕಥೆಯಲ್ಲಿ ಅವನನ್ನು ಬಿಟ್ಟುಹೋದದ್ದು ಬೆಟ್ಟ, ಇಲ್ಲಿ ನಾವು. ಶಿಕ್ಷಕಿ ಆ ದಿನವೇ ಅವನಿಗೆ ಬಾಲ ಕಟ್ಟಿದರು. ಹಿಂದೆ ಉಳಿಯುವ ಹುಡುಗನ ಪಾತ್ರ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವ ಹುಡುಗಿಗೆ ಹೋಯಿತು. ಅವಳಿಗೆ ಅದು ಸ್ವಲ್ಪವೂ ಇಷ್ಟವಿರಲಿಲ್ಲ. ‘ಸುಮ್ನೆ ನಿಂತ್ಕೊಳೋದಕ್ಕೆ ನಾನ್ಯಾಕೆ?’ ಎಂದು ಮುಖ ಊದಿಸಿಕೊಂಡಳು. ಕುಣಿಯಬಲ್ಲ ಕಾಲಿಗೇ ನಿಲ್ಲುವುದರ ಕಷ್ಟ ಗೊತ್ತು. ಆ ಕಷ್ಟ ಮುಖದಲ್ಲಿ ಕಂಡರೆ ಸಾಕು, ಬೇರೆ ಅಭಿನಯ ಬೇಕಾಗಿಲ್ಲ.

ಮಕ್ಕಳನ್ನು ವಾಪಸು ಕರೆಸುವ ವಿಚಾರ ಅಲ್ಲಿಗೆ ತಾನಾಗಿಯೇ ಬಿದ್ದುಹೋಯಿತೆಂದಲ್ಲ. ಆಡಳಿತದವರಲ್ಲಿ ಒಬ್ಬರು ಕೊನೆಯವರೆಗೂ ಪಟ್ಟು ಹಿಡಿದಿದ್ದರು. ಅವರಿಗೆ ಶಿಕ್ಷಕಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ‘ಹೇಗೂ ವಾಪಸು ಬರ್ತಾರಲ್ಲ ಸಾರ್, ವಂದನಾರ್ಪಣೆಗೆ’ ಎಂದರು. ನಿಜ. ಪರದೆ ಬಿದ್ದು ಮತ್ತೆ ಎದ್ದಾಗ ಇಲಿಗಳೂ ಮಕ್ಕಳೂ ಗೌಡನೂ ಜೋಗಿಯೂ ಸಾಲಾಗಿ ನಿಂತು ಕೈಮುಗಿಯುತ್ತಾರೆ. ತಾಯಂದಿರು ಮೊಬೈಲು ಎತ್ತಿ ಹಿಡಿಯುತ್ತಾರೆ. ಯಾವ ಮಗುವೂ ಬೆಟ್ಟದೊಳಗೆ ಉಳಿದಿಲ್ಲವೆಂಬುದು ಆಗ ಎಲ್ಲರಿಗೂ ಕಾಣುತ್ತದೆ. ಪುಸ್ತಕದ ಓದುಗನಿಗೆ ಈ ಸಮಾಧಾನವಿಲ್ಲ. ರಂಗ ಮಾತ್ರ ಇದನ್ನು ಕೊಡಬಲ್ಲದು. ಕೊಡುವ ಮುಂಚೆ ಒಂದಿಷ್ಟು ಹೊತ್ತು, ಆ ಹುಡುಗಿ ಒಬ್ಬಳೇ ಖಾಲಿ ರಂಗದ ನಡುವೆ ನಿಂತಿರುವಷ್ಟು ಹೊತ್ತು, ಅದನ್ನು ತಡೆಹಿಡಿಯಬೇಕಷ್ಟೆ. ಎಷ್ಟು ಹೊತ್ತು ಎಂಬುದರ ಬಗೆಗೆ ನಮ್ಮಿಬ್ಬರಲ್ಲಿ ಕೊನೆಗೂ ಒಮ್ಮತವಾಗಲಿಲ್ಲ. ಹತ್ತು ಎಣಿಸುವವರೆಗೆ ಸಾಕೆಂದು ಅವರು. ಮುಂದಿನ ಸಾಲಿನಲ್ಲಿ ಯಾರಾದರೂ ಕೆಮ್ಮುವವರೆಗೆ ಎಂದು ನಾನು.